“ಜನ ಸಾಯಾಕತ್ತಾರ, ನೀ ಗೊಂಬಿಗೆ ಸೀರಿ ಉಡಸಾಕತ್ತಿ?”

2021ರ ಲಾಕ್‌ಡೌನ್‌ನಲ್ಲಿ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿದ್ದೇನೆ. ಮೂರೂ ಗೊಂಬೆ ಬಟ್ಟೆ ಹೊಲಿಗೆಯವೇ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು, ಅದನ್ನು ಕಡಿಮೆ ಮಾಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಗೊಂಬೆಗಳಿಗೆ ಬಟ್ಟೆ ಹೊಲಿಯಲು ಶುರು ಮಾಡಿ ಆರು ವರ್ಷ ಆಯ್ತು. ಮಗಳ ಬಾರ್ಬಿಗೆ ಒಂದು ಪರಕಾರ (ಲಂಗ) ಹೊಲಿದುಕೊಟ್ಟಿದ್ದೇ ನೆಪ. ಮಗಳು ಆಟ ಬಿಟ್ಟಳು, ನಾನು ಹೊಲಿಗೆ ಬಿಡಲಿಲ್ಲ. ತಿಂಗಳಿಗೊಮ್ಮೆ ಇಬ್ಬರು ಗೆಳತಿಯರ ಜೊತೆ ಹುಬ್ಬಳ್ಳಿಗೆ ಹೋಗಿ ದುರ್ಗದಬೈಲಿನಲ್ಲಿ ಲೇಸು, ಮಣಿ, ಸಣ್ಣ ಗುಂಡಿ ತರುತ್ತಿದ್ದೆವು. ಹೋದ ವರ್ಷದ ಲಾಕ್‌ಡೌನ್‌ನಲ್ಲಿ ದಿನಾ ಹೊಲಿದೆ. ಈ ವರ್ಷ ಮೇ ತಿಂಗಳಲ್ಲಿ ನಮ್ಮ ಚಿಗವ್ವ ಕೋವಿಡ್‌ನಿಂದ ತೀರಿಕೊಂಡರು. ಅವತ್ತಿನಿಂದ ಕತ್ತರಿ ಮುಟ್ಟಿಲ್ಲ. ಮೊನ್ನೆ ಸುಮ್ನೆ ಡಬ್ಬಿ ತೆಗೆದು ಕೂತಿದ್ದೆ, ಅತ್ತೆ ನೋಡಿ “ಜನ ಸಾಯಾಕತ್ತಾರ, ನೀ ಗೊಂಬಿಗೆ ಸೀರಿ ಉಡಸಾಕತ್ತಿ?” ಅಂದರು. ಅವರು ಬೈಯಲು ಹೇಳಲಿಲ್ಲ, ಆದರೂ ಚುಚ್ಚಿತು. ಬಟ್ಟೆಯೂ ಸಿಗುತ್ತಿಲ್ಲ. ಬಿಟ್ಟುಬಿಡಲೇ?
– ಒಬ್ಬ ಓದುಗಿ, ಬೆಟಗೇರಿ

ಉತ್ತರ: ಬಿಡಬೇಡ ತಂಗಿ.

ಮೊದಲು ಚಿಗವ್ವನ ವಿಷಯ. ಹತ್ತಿರದವರು ಹೋದಾಗ ಕೈ ನಿಲ್ಲುತ್ತದೆ. ಇನ್ನೂ ಎರಡು ತಿಂಗಳೂ ತುಂಬಿಲ್ಲ. ಕತ್ತರಿ ಮುಟ್ಟಲಿಲ್ಲ ಅಂತ ನಿನ್ನ ಮೇಲೆ ನೀನೇ ಬೇಸರ ಮಾಡಿಕೊಳ್ಳಬೇಡ. ಆದರೆ ನೀನು ಡಬ್ಬಿ ತೆಗೆದು ಕೂತೆ ಅಲ್ವಾ, ಅದನ್ನೇ ನಾನು ಹಿಡಿದುಕೊಂಡಿದ್ದೇನೆ. ಮನಸ್ಸು ಅದರ ಕಡೆ ತಾನಾಗಿ ಹೋಗಿದೆ.

ಇನ್ನು ಅತ್ತೆ ಕೇಳಿದ ಮಾತು. ನನಗೂ ಹೋದ ವರ್ಷ ಅದೇ ಪ್ರಶ್ನೆ ಬಂದಿತ್ತು, ಬೇರೆಯವರಿಂದಲ್ಲ, ನನ್ನ ಒಳಗಿಂದಲೇ. 2020ರ ಮಾರ್ಚ್ 24ರ ರಾತ್ರಿ ಎಲ್ಲ ಬಂದ್ ಅಂದಾಗ ಧಾರವಾಡದ ನಮ್ಮ ಓಣಿಯಲ್ಲಿ ಮಾಸ್ಕ್ ಇದ್ದವರೇ ಕಡಿಮೆ. ಉಡಿ ತುಂಬಿಸಿಕೊಂಡು ಬಂದ ಜಂಪರ್ ಪೀಸುಗಳು ಒಂದು ಟ್ರಂಕು ತುಂಬ ಇದ್ದವು. ಅವನ್ನೆಲ್ಲ ತೆಗೆದು, ಕಾಟನ್ ಇದ್ದದ್ದನ್ನು ಆರಿಸಿ, ಬಿಸಿನೀರಲ್ಲಿ ತೊಳೆದು ಮಾಸ್ಕ್ ಹೊಲಿದೆ, ಎಲಾಸ್ಟಿಕ್ ಮುಗಿದ ಮೇಲೆ ಅದೇ ಬಟ್ಟೆಯಿಂದ ಲಾಡಿ ಮಾಡಿ ಹಚ್ಚಿದೆ. ಒಂದೊಂದು ಪೀಸು ಕತ್ತರಿಸಿದ ಮೇಲೂ ಅಂಚಿನಲ್ಲಿ ಮೂರು ನಾಲ್ಕು ಬೆರಳಗಲದ ಪಟ್ಟಿ ಉಳಿಯುತ್ತಿತ್ತು. ಸಂಜೆ ಹೊತ್ತು, ದಿನದ ಸುದ್ದಿ ಕೇಳಿ ಎದೆ ಭಾರವಾದಾಗ, ಆ ಪಟ್ಟಿಗಳಿಂದ ಗೊಂಬೆ ಬಟ್ಟೆ ಹೊಲಿಯುತ್ತಿದ್ದೆ. ಹಗಲು ಮಾಸ್ಕ್, ರಾತ್ರಿ ಗೊಂಬೆ. ಎರಡೂ ಒಂದೇ ಬಟ್ಟೆ, ಒಂದೇ ಕೈ. ರಾತ್ರಿ ಗೊಂಬೆಗೆ ಹೊಲಿದಿದ್ದರಿಂದ ಮರುದಿನ ಮಾಸ್ಕ್ ಕಡಿಮೆ ಆಗಲಿಲ್ಲ. ಎದ್ದು ಮತ್ತೆ ಮಶಿನ್ ಮುಂದೆ ಕೂರಲು ಆಯ್ತು, ಅಷ್ಟೇ ನನಗೆ ಬೇಕಿತ್ತು.

ಅತ್ತೆಗೆ ಎದುರು ಮಾತಾಡಬೇಡ. ಅವರನ್ನು ಒಂದು ಮಾತು ಕೇಳು, ಅವರು ಚಿಕ್ಕವರಿದ್ದಾಗ ಆಷಾಢದ ಮಂಗಳವಾರ ಗುಳ್ಳವ್ವನ್ನ ಹೇಗೆ ಸಿಂಗರಿಸುತ್ತಿದ್ದರು ಅಂತ. ಮಣ್ಣಿನ ಮೂರ್ತಿಗೆ ಗುಲಗಂಜಿ, ಜೋಳ ಚುಚ್ಚಿ ಎಷ್ಟು ಕಾಳಜಿಯಿಂದ ಮಾಡುತ್ತಿದ್ದರು! ಮೊಮ್ಮಗ ಹುಟ್ಟಿದಾಗ ಕುಂಚಿಗೆ, ಕುಲಾವಿ ಹೊಲಿದವರೂ ಅವರೇ ಇರಬೇಕು. ಅಷ್ಟು ಸಣ್ಣ ಬಟ್ಟೆಗೆ ಕೈ ಹಾಕಿದವರಿಗೆ ನಿನ್ನ ಕೆಲಸ ತಿಳಿಯದೇ ಇರಲ್ಲ. ನನ್ನ ಅನುಭವ ಹೇಳುತ್ತೇನೆ, ಹೀಗೆ ಕೇಳಿದವರೇ ಆಮೇಲೆ ಹಳೇ ಸೀರೆಯ ಅಂಚು ತಂದುಕೊಡುತ್ತಾರೆ.

ಬಟ್ಟೆ ಸಿಗುತ್ತಿಲ್ಲ ಅಂದೆ. ಇಲ್ಲಿ ನನಗೆ ನಿನ್ನ ಜೊತೆ ಸ್ವಲ್ಪ ಜಗಳ ಇದೆ. ಬಾರ್ಬಿಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ಮನುಷ್ಯರ ಅಳತೆಯ ಆರರಲ್ಲಿ ಒಂದು ಪಾಲು. ಐದೂವರೆ ಮೀಟರಿನ ಸೀರೆ ಅವಳಿಗೆ 92 ಸೆಂಟಿಮೀಟರ್ ಆಗುತ್ತದೆ, ಅಗಲ ಏಳೂವರೆ ಇಂಚು. ಕುಪ್ಪಸಕ್ಕೆ ಅಂಗೈಯಗಲದ ತುಂಡು ಸಾಕು. ಬೆಟಗೇರಿಯಂಥ ನೇಕಾರರ ಊರಲ್ಲಿ ಕೂತು ಅಂಗೈಯಗಲ ಬಟ್ಟೆ ಇಲ್ಲ ಅಂದರೆ ಹೇಗೆ? ಮನೆಯಲ್ಲಿ ಕೌದಿಗೆ (ಹಳೇ ಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆಗೆ) ಅಂತ ಎತ್ತಿಟ್ಟ ಗಂಟು ಇದ್ದೇ ಇರುತ್ತದೆ, ಬಿಚ್ಚು. ತೊಳೆದು ತೊಳೆದು ಮೆತ್ತಗಾದ ಹಳೇ ಕಾಟನ್ ಸೀರೆಯೇ ಗೊಂಬೆಗೆ ಅತ್ಯಂತ ಒಳ್ಳೆಯ ಬಟ್ಟೆ, ಅಂಗಡಿಯ ಹೊಸ ಬಟ್ಟೆಗಿಂತ ನೂರು ಪಾಲು ಮೇಲು. ಯಾಕೆಂದರೆ ಅಳತೆ ಆರು ಪಟ್ಟು ಸಣ್ಣದಾದರೂ ಬಟ್ಟೆಯ ದಪ್ಪ ಸಣ್ಣದಾಗಲ್ಲ. ಗಂಜಿ ಹಾಕಿದ ಹೊಸ ಬಟ್ಟೆ ಗೊಂಬೆಯ ಮೈಮೇಲೆ ರಟ್ಟಿನ ಹಾಗೆ ನಿಂತುಬಿಡುತ್ತದೆ.

ಅದಕ್ಕೇ ಸೀರೆಯನ್ನು ನಾವು ಉಡುವ ಹಾಗೆ ಪೂರ್ತಿ ಸುತ್ತಬೇಡ. ಒಳಗಿನ ಸುತ್ತು ಬಿಟ್ಟುಬಿಡು. ತೆಳುವಾದ ಒಳಲಂಗದ ಸೊಂಟಪಟ್ಟಿಗೆ ನಾಲ್ಕೇ ನಿರಿಗೆ ಹಿಡಿದು ಹೊಲಿದು, ಸೆರಗನ್ನು ಹೆಗಲ ಮೇಲೆ ತಂದು ಹಿಂದೆ ಒಂದು ಟಿಚ್ ಬಟನ್ ಹಚ್ಚು. ಹಾಗೆ ಮಾಡಿದರೆ 92 ಸೆಂಟಿಮೀಟರ್ ಕೂಡ ಬೇಕಾಗಲ್ಲ, ಸೊಂಟವೂ ದಪ್ಪ ಕಾಣಲ್ಲ. ಇಳಕಲ್ ಸೀರೆ ಮಾಡಬೇಕು ಅನ್ನಿಸಿದರೆ ಅದರ ನಿಜವಾದ ಕೆಂಪು ಬಿಳಿಯ ಟೋಪ್ ತೆನಿ ಸೆರಗು ಕತ್ತರಿಸಬೇಡ, ಅದು ಈ ಅಳತೆಗೆ ತುಂಬ ದೊಡ್ಡದು. ಕೆಂಪು ತುಂಡಿನ ಮೇಲೆ ಬಿಳಿ ದಾರದಲ್ಲಿ ಕಸೂತಿಯ ಗವಂತಿ ಹೊಲಿಗೆ ಹಾಕು. ಎಳೆ ಎಣಿಸಿ ಹಾಕುವ ಹೊಲಿಗೆ ಅದು, ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ, ಗಂಟು ಹಾಕೋದಿಲ್ಲ. ಸೆರಗು ಮಗುಚಿ ಬಿದ್ದರೂ ಅಂದ ಕೆಡಲ್ಲ. ಆರೆಳೆ ಕಸೂತಿ ದಾರದಲ್ಲಿ ಒಂದೇ ಎಳೆ ತೆಗೆದುಕೋ.

ಗುಳೇದಗುಡ್ಡದ ಖಣ, ಅಂದರೆ ಕುಪ್ಪಸಕ್ಕೆ ನೇಯುವ ಬಟ್ಟೆ, ಒಂದು ತುಂಡು ಸಿಕ್ಕರೂ ಜೋಪಾನ ಮಾಡು. ಖಣದ ಹೂಬುಟ್ಟಿ ಮೊದಲೇ ಸಣ್ಣದು, ಗೊಂಬೆಯ ಪರಕಾರಕ್ಕೆ ಅಂತಲೇ ನೇಯ್ದ ಹಾಗೆ ಇರುತ್ತದೆ. ಅಂಚನ್ನು ಕೆಳಗೆ ಬರುವಂತೆ ಕತ್ತರಿಸಿದರೆ ಮಡಿಚಿ ಹೊಲಿಯುವ ಕೆಲಸವೇ ಇಲ್ಲ. ಕತ್ತರಿಸಿದ ಬದಿ ಮಾತ್ರ ಎಳೆ ಬಿಡುತ್ತದೆ, ಕೂಡಲೇ ಬಟ್ಟೆಯ ಅಂಟನ್ನು ತೆಳುವಾಗಿ ಸವರಿ ಒಣಗಿಸು.

ಈಗ ಮುಖ್ಯ ಮಾತು, ಹವ್ಯಾಸ ಉಳಿಸಿಕೊಳ್ಳುವುದು ಹೇಗೆ ಅನ್ನೋದು. ನಾನು ಕಂಡುಕೊಂಡದ್ದು ಇಷ್ಟೇ. ಕತ್ತರಿಸುವ ಕೆಲಸಕ್ಕೆ ತಲೆ ಬೇಕು, ಹೊಲಿಯುವ ಕೆಲಸಕ್ಕೆ ಕೈ ಸಾಕು. ಮನಸ್ಸು ಸ್ವಲ್ಪ ಗಟ್ಟಿ ಇದ್ದ ದಿನ ನಾಲ್ಕೈದು ಉಡುಪಿಗೆ ಆಗುವಷ್ಟು ಕತ್ತರಿಸಿ, ಒಂದೊಂದಕ್ಕೂ ಬೇಕಾದ ದಾರ, ಹುಕ್ಕು, ಲೇಸು ಸೇರಿಸಿ ಬೇರೆ ಬೇರೆ ಪೊಟ್ಟಣ ಕಟ್ಟಿಡು. ಮನಸ್ಸು ಸರಿ ಇಲ್ಲದ ದಿನ ಒಂದು ಪೊಟ್ಟಣ ತೆಗೆ, ಹದಿನೈದು ನಿಮಿಷ ಹೊಲಿ, ನಡುವೆಯೇ ಸೂಜಿ ಚುಚ್ಚಿ ಹಾಗೇ ಬಿಡು. ಅರ್ಧ ಆದ ಹೊಲಿಗೆ ಮರುದಿನ ತಾನೇ ಕರೆಯುತ್ತದೆ. ಪೂರ್ತಿ ಮುಗಿಸಿ ಎದ್ದರೆ ಮರುದಿನ ಹೊಸದು ಶುರು ಮಾಡಬೇಕು, ಬೇಸರದ ದಿನಗಳಲ್ಲಿ ಶುರು ಮಾಡುವುದೇ ಅಲ್ವಾ ಕಷ್ಟ?

ಗೆಳತಿಯರನ್ನು ಬಿಡಬೇಡ. ನಾವು ಮೂವರು ಹೀಗೆ ಮಾಡಿದೆವು: ಒಂದೇ ಖಣವನ್ನು ಮೂರು ಪಾಲು ಮಾಡಿ ಅಂಚೆಯಲ್ಲಿ ಕಳಿಸಿಕೊಂಡು, ಪ್ರತಿಯೊಬ್ಬರೂ ತಮಗೆ ತೋಚಿದ್ದು ಹೊಲಿದು ಶನಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆವು. ಒಬ್ಬಳು ಪರಕಾರ ಪೋಲಕ, ಒಬ್ಬಳು ಕೋಟು, ನಾನು ಚೌಕಳಿ ಕೌದಿ ಹೊಲಿದೆ. ಒಂದು ಶನಿವಾರ ಒಬ್ಬಳು ಏನೂ ಹೊಲಿದಿರಲಿಲ್ಲ, ಅವಳ ಗಂಡನಿಗೆ ಜ್ವರ. ಅವತ್ತು ಗೊಂಬೆ ವಿಷಯ ಮಾತಾಡಲೇ ಇಲ್ಲ, ಒಂದು ತಾಸು ಅವಳ ಮಾತು ಕೇಳಿದೆವು. ಶನಿವಾರ ಅಂತ ಒಂದು ಗೊತ್ತು ಮಾಡಿಕೊಂಡಿರದಿದ್ದರೆ ಅವಳು ಯಾರಿಗೂ ಫೋನ್ ಮಾಡುತ್ತಿರಲಿಲ್ಲ ಅಂತ ಆಮೇಲೆ ಹೇಳಿದಳು.

ಚಿಗವ್ವನ ಸೀರೆ ಯಾವುದಾದರೂ ನಿನ್ನ ಹತ್ತಿರ ಇದ್ದರೆ ಈಗಲೇ ಕತ್ತರಿ ಹಾಕಬೇಡ. ನಮ್ಮ ಕಡೆ ಅಜ್ಜಿ ಹೋದ ಮೇಲೆ ಅವಳ ಸೀರೆ ಕೌದಿಯೊಳಗೆ ಸೇರುತ್ತದೆ, ಮೊಮ್ಮಕ್ಕಳು ಹೊದ್ದು ಮಲಗುತ್ತಾರೆ. ಹಾಗೇ ಒಂದು ದಿನ ನಿನಗೂ ಅನ್ನಿಸಬಹುದು. ಅವತ್ತು ಅಂಚಿನಿಂದ ಒಂದು ಗೇಣು ತೆಗೆದುಕೋ.

ಪ್ರಶ್ನೆ: ನಾನು ಹಳೇ ಹುಬ್ಬಳ್ಳಿಯಲ್ಲಿ 35 ವರ್ಷ ಶರ್ಟು ಪ್ಯಾಂಟು ಹೊಲಿದವನು. ಅಂಗಡಿ ಮುಚ್ಚಿದೆ. ಮೊಮ್ಮಗಳ ಕಾಟಕ್ಕೆ ಗೊಂಬೆ ಬಟ್ಟೆ ಹೊಲಿಯಲು ಕೂತೆ, ಈಗ ನನಗೇ ಹುಚ್ಚು ಹಿಡಿದಿದೆ. ಆದರೆ ತೋಳು ಹಚ್ಚಲು ಬರುತ್ತಿಲ್ಲ, ಮಶಿನ್ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಗೊಂಬೆಗೆ ಹೊಲಿದದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಇಷ್ಟು ವಯಸ್ಸಾದ ಟೇಲರ್ ಗೊಂಬೆ ಬಟ್ಟೆ ಹೊಲಿದರೆ ಜನ ಏನಂದಾರು ಅಂತಲೂ ಅನ್ನಿಸುತ್ತದೆ.
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಕಾಕಾ, ನಿಮ್ಮ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು. ಜನರ ಮಾತಿಗೆ ಒಂದು ಹಳೇ ಸಂಗತಿ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತು, 1945ರಲ್ಲಿ, ಪ್ಯಾರಿಸ್‌ನಲ್ಲಿ ಬಟ್ಟೆಗೆ ಬರ ಬಂದಿತ್ತು. ಅಲ್ಲಿನ ದೊಡ್ಡ ದೊಡ್ಡ ಫ್ಯಾಷನ್ ಮನೆಗಳು ಏನು ಮಾಡಿದವು ಗೊತ್ತಾ? ತಂತಿಯಲ್ಲಿ ಸುಮಾರು 70 ಸೆಂಟಿಮೀಟರ್ ಎತ್ತರದ ಗೊಂಬೆಗಳನ್ನು ಮಾಡಿಸಿ, ಅವಕ್ಕೆ ತಮ್ಮ ಹೊಸ ಉಡುಪುಗಳನ್ನು ಹೊಲಿಸಿ ಪ್ರದರ್ಶನಕ್ಕೆ ಇಟ್ಟವು. ಹೆಸರು ‘ತೆಆತ್ರ್ ದ ಲಾ ಮೋದ್’. ಬಂದ ದುಡ್ಡು ಯುದ್ಧದಲ್ಲಿ ನೊಂದವರಿಗೆ ಹೋಯಿತು. ಪ್ಯಾರಿಸ್‌ನ ಹೆಸರಾಂತ ಟೇಲರ್‌ಗಳೇ ಗೊಂಬೆಗೆ ಕೋಟು ಹೊಲಿದಿದ್ದಾರೆ, ನೀವು ಧೈರ್ಯವಾಗಿ ಹೊಲೀರಿ.

ತೋಳಿನ ವಿಷಯ. ಶರ್ಟಿನ ತೋಳನ್ನು ನೀವು ಬದಿ ಮುಚ್ಚುವ ಮೊದಲೇ ಹಚ್ಚುತ್ತೀರಲ್ಲ, ಇಲ್ಲೂ ಅದನ್ನೇ ಮಾಡಿ. ಹೆಗಲು ಕೂಡಿಸಿ, ಬಟ್ಟೆ ಚಪ್ಪಟೆ ಇರುವಾಗಲೇ ತೋಳಿನ ತುದಿ ಮಡಿಚಿ ಹೊಲಿದು, ತೋಳು ಹಚ್ಚಿ, ಆಮೇಲೆ ತೋಳಿನಿಂದ ಸೊಂಟದವರೆಗೆ ಒಂದೇ ಓಟದಲ್ಲಿ ಬದಿ ಮುಚ್ಚಿ. ಗೊಂಬೆಯ ಕೈ ಬೆರಳು ಸಿಕ್ಕಿಕೊಳ್ಳುವುದರಿಂದ ಬೆನ್ನು ಪೂರ್ತಿ ಬಿಚ್ಚುವಂತೆ ಇರಲಿ. ಮಾರ್ಜಿನ್ ಕಾಲು ಇಂಚಿಗಿಂತ ಜಾಸ್ತಿ ಬೇಡ, ಹೊಲಿದ ಮೇಲೆ ಅದನ್ನೂ ಅರ್ಧ ಕತ್ತರಿಸಿ.

ಮಶಿನ್‌ಗೆ 16ರ ಸೂಜಿ ಇದ್ದರೆ ತೆಗೆದು 11 ಹಾಕಿ, ಹೊಲಿಗೆ ಸಣ್ಣ ಮಾಡಿ. ಬಟ್ಟೆಯ ಕೆಳಗೆ ದಿನಪತ್ರಿಕೆಯ ಅಂಚಿನ ಬಿಳಿ ಪಟ್ಟಿ ಇಟ್ಟು ಹೊಲೀರಿ, ಆಮೇಲೆ ಕಾಗದ ಹರಿದು ತೆಗೆಯಿರಿ. ಅಚ್ಚಾದ ಭಾಗ ಬೇಡ, ಮಸಿ ಹತ್ತುತ್ತದೆ.

ಒಂದರದ್ದು ಇನ್ನೊಂದಕ್ಕೆ ಹತ್ತದಿರುವುದು ನಿಮ್ಮ ತಪ್ಪಲ್ಲ. ಬಾರ್ಬಿ ಬಂದದ್ದು 1959ರಲ್ಲಿ. 2016ರಿಂದ ಎತ್ತರದ, ಗಿಡ್ಡ, ಮೈತುಂಬಿದ ಅಂತ ಮೂರು ಹೊಸ ಮೈಕಟ್ಟುಗಳೂ ಬಂದಿವೆ. ಅಳತೆ ಟೇಪಿಗಿಂತ ಈ ದಾರಿ ಸುಲಭ: ಗೊಂಬೆಗೆ ತೆಳು ಪ್ಲಾಸ್ಟಿಕ್ ಸುತ್ತಿ, ಮೇಲೆ ಕಾಗದದ ಟೇಪ್ ಅಂಟಿಸಿ, ಹೊಲಿಗೆ ಬರಬೇಕಾದ ಕಡೆ ಪೆನ್ನಿನಿಂದ ಗೆರೆ ಎಳೆದು, ಗೆರೆ ಗುಂಟ ಕತ್ತರಿಸಿ ಬಿಡಿಸಿ. ಅದೇ ನಿಮ್ಮ ಕಟಿಂಗ್. ಮಾರ್ಜಿನ್ ಸೇರಿಸುವುದು ಮಾತ್ರ ಮರೆಯಬೇಡಿ.

ಇನ್ನೊಂದು ಮಾತು ಕಾಕಾ, ಅಂಗಡಿಯಲ್ಲಿ ಶರ್ಟಿನ ಚಿಂದಿ ಇದ್ದರೆ ಬಿಸಾಡಬೇಡಿ. ಸಣ್ಣ ಚೌಕಳಿ, ಸಣ್ಣ ಗೆರೆ ಇರುವ ಶರ್ಟಿನ ಬಟ್ಟೆ ಹುಡುಕುವವರು ನಮ್ಮ ಓದುಗರಲ್ಲೇ ಬಹಳ ಜನ ಇದ್ದಾರೆ.

ಪ್ರಶ್ನೆ: ಲಾಕ್‌ಡೌನ್‌ನಲ್ಲಿ ಮಗಳೇ ತನ್ನ ಗೊಂಬೆಗೆ ಕೆಂಪು ಪರಕಾರ ಹೊಲಿದಳು. ಒಂದು ತಿಂಗಳು ಉಡಿಸಿ ಇಟ್ಟಿದ್ದಳು. ಈಗ ತೆಗೆದರೆ ಗೊಂಬೆಯ ಕಾಲೆಲ್ಲ ಗುಲಾಬಿ ಬಣ್ಣ, ಸೋಪು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ. ಮಗಳು ಅಳುತ್ತಿದ್ದಾಳೆ.
– ಒಬ್ಬ ತಾಯಿ, ಹಾವೇರಿ

ಉತ್ತರ: ಬಟ್ಟೆಯ ಬಣ್ಣ ಗೊಂಬೆಯ ಮೆತ್ತನೆ ಪ್ಲಾಸ್ಟಿಕ್‌ನೊಳಗೆ ಇಳಿದಿದೆ, ಸೋಪಿಗೆ ಸಿಗಲ್ಲ. ಕೆಂಪು, ಕಡು ನೀಲಿ, ಕಪ್ಪು ಬಟ್ಟೆಗಳಲ್ಲಿ ಇದು ಜಾಸ್ತಿ. ನನಗೂ ಆಗಿದೆ, ಬಣ್ಣ ಬಿಡಲ್ಲ ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ ತೊಳೆಯದೆ ಹೊಲಿದಿದ್ದೆ. ಮೊಡವೆಗೆ ಹಚ್ಚುವ ಬೆಂಝಾಯಿಲ್ ಪೆರಾಕ್ಸೈಡ್ ಕ್ರೀಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕಲೆಯ ಮೇಲೆ ಅಷ್ಟೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಕೆಲವು ತಾಸು ಬಿಸಿಲಿಗಿಡಿ, ತೊಳೆದು ನೋಡಿ, ಮತ್ತೆ ಹಚ್ಚಿ. ಕೆಲವು ಸಲ ವಾರವೇ ಹಿಡಿಯುತ್ತದೆ. ಗೊಂಬೆಯ ಮುಖಕ್ಕೆ, ಕೂದಲಿಗೆ ತಾಗಬಾರದು, ಅಲ್ಲಿನ ಬಣ್ಣವೂ ಹೋಗುತ್ತದೆ. ಈ ಕೆಲಸ ನೀವೇ ಮಾಡಿ, ಮಗಳ ಕೈಗೆ ಕ್ರೀಮ್ ಕೊಡಬೇಡಿ.

ಅವಳು ಹೊಲಿದ ಪರಕಾರವನ್ನು ಎಸೆಯಲು ಬಿಡಬೇಡಿ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು, ಒಳಗೆ ಬಿಳಿ ಅಸ್ತರ್ ಹಾಕಿಕೊಡಿ. ಅಸ್ತರ್ ಹಚ್ಚುವ ಹೊಲಿಗೆಯನ್ನು ಅವಳಿಂದಲೇ ಹಾಕಿಸಿ. ಆಡಿದ ಮೇಲೆ ರಾತ್ರಿ ಬಟ್ಟೆ ಬಿಚ್ಚಿ ಬೇರೆ ಡಬ್ಬಿಯಲ್ಲಿ ಇಡಲು ಹೇಳಿ.