ಯೆಜ್ಡಿ ಹೆಡ್ ಲೀಕ್: ನಟ್ ಮತ್ತೆ ಬಿಗಿ ಮಾಡಿಸುವ ಮೊದಲು

ಗೌಡ್ರೇ, ನಿಮ್ಮ ಪ್ರಶ್ನೆ ನೋಡಿದೆ. ಯೆಜ್ಡಿ ರೋಡ್‌ಕಿಂಗ್ ಬೈಕು. ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಅದರ ಕೆಳಗೆ ಕಪ್ಪು ಎಣ್ಣೆ ಜಿನುಗುತ್ತಿದೆ. ಚಾರ್ಮಾಡಿಯಿಂದ ಕೊಟ್ಟಿಗೆಹಾರದ ಕಡೆ ಘಾಟಿ ಹತ್ತುವಾಗ ಟಸ್ ಟಸ್ ಅನ್ನುತ್ತದೆ, ಬಿಸಿಯಾದ ಮೇಲೆ ಕಿಕ್ ಹಗುರಾಗುತ್ತದೆ. ಮೆಕ್ಯಾನಿಕ್ ಹತ್ತಿರ ಎರಡು ಸಲ ನಟ್ ಬಿಗಿ ಮಾಡಿಸಿದ್ದೀರಿ, ಆದರೂ ವಾರದೊಳಗೆ ಮತ್ತೆ ಅದೇ ಕಥೆ. ಅಷ್ಟೇ ಅಲ್ವಾ? ದಯವಿಟ್ಟು ಮೂರನೇ ಸಲ ಬಿಗಿ ಮಾಡಿಸಬೇಡಿ. ಈಗ ಲೀಕ್ ಜಾಸ್ತಿ ಮಾಡುತ್ತಿರುವುದೇ ಆ ಬಿಗಿ ಇರಬಹುದು.

ಮೊದಲು ಲೀಕ್ ಹೆಡ್‌ನದ್ದೇನಾ ನೋಡಿ. ರೋಡ್‌ಕಿಂಗ್‌ಗೆ ಮುಂದೆ ಎರಡು ಸೈಲೆನ್ಸರ್ ಪೈಪು. ಅವುಗಳ ರಿಂಗ್ ನಟ್ ಸಡಿಲವಾದರೆ ಅಲ್ಲಿಂದ ಬಂದ ಎಣ್ಣೆಯನ್ನು ಗಾಳಿ ಹಿಂದಕ್ಕೆ ತಳ್ಳಿ ಫಿನ್‌ಗಳ (ಇಂಜಿನ್ ತಣಿಸುವ ರೆಕ್ಕೆಗಳ) ಮೇಲೆಲ್ಲ ಬಳಿಯುತ್ತದೆ. ನೋಡಿದವರಿಗೆ ಹೆಡ್ ಲೀಕ್ ಅಂತಲೇ ಕಾಣುತ್ತದೆ. ಪ್ಲಗ್‌ನ ವಾಷರ್ ಚಪ್ಪಟೆಯಾಗಿದ್ದರೂ ಹಾಗೆಯೇ. ಇಂಜಿನ್ ತಣ್ಣಗಿರುವಾಗ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ಪೂರ್ತಿ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಹೆಡ್ಡೂ ಬೋರೂ (ಪಿಸ್ಟನ್ ಓಡುವ ಸಿಲಿಂಡರ್) ಸೇರುವ ಗೆರೆ, ಪ್ಲಗ್ ಬುಡ, ಸೈಲೆನ್ಸರ್ ಬಾಯಿ ಮೂರಕ್ಕೂ ಟಾಲ್ಕಂ ಪೌಡರ್ ಉದುರಿಸಿ. ಒಂದೆರಡು ಕಿಲೋಮೀಟರ್ ಓಡಿಸಿ ಬನ್ನಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗಿದೆಯೋ ಅಲ್ಲೇ ಕಳ್ಳ. ಇನ್ನೂ ಅನುಮಾನ ಇದ್ದರೆ ಆ ಗೆರೆಗೆ ಸೋಪಿನ ನೀರು ಹಚ್ಚಿ, ತಣ್ಣಗಿನ ಇಂಜಿನ್ ಅನ್ನು ಕಿಕ್ ಮಾಡಿ. ಗುಳ್ಳೆ ಏಳುತ್ತದೆ.

ಹೆಡ್‌ನದ್ದೇ ಅಂತ ಖಾತ್ರಿಯಾದರೆ ಬಿಚ್ಚುವುದೇ ದಾರಿ. ಬಿಗಿ ಮಾಡಿದಷ್ಟೂ ಯಾಕೆ ಲೀಕ್ ಆಗುತ್ತದೆ ಅಂದರೆ, ನಿಮ್ಮ ಗಾಡಿಯ ಬೋರ್ ಬೀಡಿನದು (ಎರಕದ ಕಬ್ಬಿಣ), ಹೆಡ್ ಅಲ್ಯೂಮಿನಿಯಂ. ಒಂದೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಿಗ್ಗಲು ಹೋದ ಹೆಡ್ಡನ್ನು ನಟ್‌ಗಳು ಮೇಲಿಂದ ಅದುಮಿ ಹಿಡಿದಿರುತ್ತವೆ. ನಟ್ ಅತಿ ಬಿಗಿಯಾಗಿದ್ದರೆ ಸ್ಟಡ್ (ನಟ್ ಕೂರುವ ಥ್ರೆಡ್ ಕಡ್ಡಿ) ಸುತ್ತಲಿನ ಜಾಗ ಕುಸಿಯುತ್ತದೆ, ಎರಡು ಸ್ಟಡ್‌ಗಳ ಮಧ್ಯದ ಭಾಗ ಕೂದಲೆಳೆಯಷ್ಟು ಮೇಲೇಳುತ್ತದೆ. ಗ್ಯಾಸ್ ಅಲ್ಲಿಂದಲೇ ನುಗ್ಗುತ್ತದೆ. ಇನ್ನೂ ಬಿಗಿ ಮಾಡಿದರೆ ಇನ್ನೂ ಏಳುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ನಮ್ಮ ಊರುಗಳಲ್ಲಿ ಓಡುವ ಯಾವ ರೋಡ್‌ಕಿಂಗ್ ಹೆಡ್ ಆದರೂ ಇಷ್ಟರಲ್ಲಿ ಹಲವು ಕೈ, ಹಲವು ಸ್ಪ್ಯಾನರ್ ಕಂಡಿರುತ್ತದೆ.

ಬಿಚ್ಚುವಾಗ ಇಂಜಿನ್ ಪೂರ್ತಿ ತಣ್ಣಗಿರಲಿ. ನಟ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಅಂಟಿಕೊಂಡಿದ್ದರೆ ಫಿನ್ ಮಧ್ಯೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಫಿನ್ ಮುರಿದರೆ ಕೂಡಿಸುವುದು ಕಷ್ಟ. ನಟ್‌ಗಳನ್ನು ಎರಡು ಮೂರು ಸುತ್ತು ಸಡಿಲ ಬಿಟ್ಟು, ಪ್ಲಗ್ ಹಾಗೇ ಇಟ್ಟು, ಪ್ಲಗ್ ವೈರ್ ತೆಗೆದು ನಿಧಾನವಾಗಿ ಕಿಕ್ ಒತ್ತಿ. ಒಳಗಿನ ಗಾಳಿಯೇ ಹೆಡ್ಡನ್ನು ಎತ್ತಿ ಕೊಡುತ್ತದೆ. ಬೋರ್ ಮಾತ್ರ ಅಲುಗಾಡಬಾರದು. ಅದರ ಕೆಳಗಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಹೋದರೆ ಬೋರ್ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಗಾಳಿ ಎಳೆದು ಪಿಸ್ಟನ್ ಸುಡುತ್ತದೆ, ಅದು ಹೆಡ್ ಲೀಕಿಗಿಂತ ದೊಡ್ಡ ತಲೆನೋವು.

ಹೆಡ್ ಕೈಗೆ ಬಂದ ಕೂಡಲೇ ಒರೆಸಬೇಡಿ. ಕೂರುವ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಸರಿಯಾಗಿ ಕೂತಿದ್ದ ಕಡೆ ಸುತ್ತ ಒಂದೇ ಅಗಲದ ಹೊಳಪು ಉಂಗುರ ಇರುತ್ತದೆ. ಲೀಕ್ ಆದ ಕಡೆ ಆ ಉಂಗುರವನ್ನು ದಾಟಿ ಒಳಗಿಂದ ಹೊರಕ್ಕೆ ಕಂದು ಅಥವಾ ಕಪ್ಪು ಗೆರೆ ಎಳೆದಂತೆ ಕಾಣುತ್ತದೆ. ಅದು ಎರಡು ಸ್ಟಡ್‌ಗಳ ನಡುವೆ ಇದ್ದರೆ ಹೆಡ್ ಬೆಂಡ್ ಆಗಿದೆ. ಒಂದು ಸ್ಟಡ್ ಪಕ್ಕದಲ್ಲೇ ಇದ್ದರೆ ಆ ಸ್ಟಡ್‌ನ ಥ್ರೆಡ್ ಮೇಲೆ ನನಗೆ ಅನುಮಾನ. ಆಮೇಲೆ ತೊಳೆದು, ನೇರ ಸ್ಟೀಲ್ ಸ್ಕೇಲನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. 0.05 ಎಂ.ಎಂ. ಎಲೆ ಸಲೀಸಾಗಿ ನುಗ್ಗಿದರೆ ಮುಖ ಸಮ ಮಾಡಲೇಬೇಕು.

ಸ್ವಲ್ಪ ಬೆಂಡ್ ಆಗಿದ್ದರೆ ಮನೆಯಲ್ಲೇ ಮಾಡಬಹುದು. 8 ಅಥವಾ 10 ಎಂ.ಎಂ. ದಪ್ಪದ ಗಾಜಿನ ತುಂಡು ತನ್ನಿ, ಗ್ಲಾಸ್ ಅಂಗಡಿಯಲ್ಲಿ ಮಿಕ್ಕಿದ್ದು ಸಿಗುತ್ತದೆ. ಅದರ ಮೇಲೆ 220 ನಂಬರಿನ ನೀರಿನ ಎಮರಿ ಪೇಪರ್ ಹಾಸಿ, ಸೀಮೆಎಣ್ಣೆ ಹನಿಸಿ. ಹೆಡ್ಡಿನ ಮುಖದ ತುಂಬ ಮಾರ್ಕರ್ ಪೆನ್ನಿಂದ ಅಡ್ಡಾದಿಡ್ಡಿ ಗೀಚಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಗುರ ಕೈಯಲ್ಲಿ ಉಜ್ಜಿ. ಭಾರ ಹಾಕಬೇಡಿ, ಹೆಡ್‌ನ ತೂಕವೇ ಸಾಕು. ಆಗಾಗ ಹೆಡ್ಡನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ಒಂದೇ ಕಡೆ ಸವೆಯುತ್ತದೆ. ಪೆನ್ನಿನ ಗೀಚು ಎತ್ತರದ ಜಾಗದಲ್ಲಿ ಮೊದಲು ಅಳಿಸಿ, ತಗ್ಗಿನಲ್ಲಿ ಉಳಿದಿರುತ್ತದೆ. ಎಲ್ಲ ಕಡೆ ಅಳಿಸಿದ ಮೇಲೆ 400, ಕೊನೆಗೆ 600. ಬೋರ್ ಮೇಲಿನ ಮುಖಕ್ಕೂ ಸ್ಕೇಲ್ ಇಡುವುದನ್ನು ಮರೆಯಬೇಡಿ. ಸ್ಟಡ್ ತೂತಿನ ಅಂಚು ಉಬ್ಬಿದ್ದರೆ ಸಣ್ಣ ಅರದಲ್ಲಿ ತೆಗೆಯಿರಿ, ಅರದ ಪುಡಿ ಬೋರಿನೊಳಗೆ ಬೀಳದಂತೆ ಬಟ್ಟೆ ತುರುಕಿಟ್ಟಿರಿ.

ಜಾಸ್ತಿ ಬೆಂಡ್ ಇದ್ದರೆ ಲೇತ್‌ಗೆ ಕೊಡಿ. ನಮ್ಮ ಕಡೆ ಕಾಫಿ ಪಲ್ಪರ್, ಪಂಪ್‌ಸೆಟ್ ಕೆಲಸ ಮಾಡುವ ಲೇತ್‌ನವರು ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ‘ಸಮ ಆಗುವಷ್ಟು ಮಾತ್ರ ತೆಗೀರಿ’ ಅಂತ ಪಕ್ಕದಲ್ಲೇ ನಿಂತು ಹೇಳಿ. ಲೋಹ ತೆಗೆದ ಮೇಲೆ ಪಿಸ್ಟನ್‌ಗೂ ಹೆಡ್ಡಿಗೂ ನಡುವಿನ ಜಾಗ ನೋಡಲೇಬೇಕು. ಪಿಸ್ಟನ್ ತಲೆಯ ಅಂಚಿನಲ್ಲಿ, ಪಿಸ್ಟನ್ ಪಿನ್ ಇರುವ ಎರಡೂ ಬದಿಗೆ, ಮೆತ್ತನೆ ಸೋಲ್ಡರ್ ತಂತಿಯ ತುಂಡುಗಳನ್ನು ಗ್ರೀಸ್ ಹಚ್ಚಿ ಅಂಟಿಸಿ. ಹೆಡ್ ಕೂರಿಸಿ ಬಿಗಿ ಮಾಡಿ, ಇಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯನ್ನು ವರ್ನಿಯರ್‌ನಲ್ಲಿ ಅಳೆದಾಗ 1 ಎಂ.ಎಂ.ಗಿಂತ ಕಡಿಮೆ ಬಂದರೆ ದಪ್ಪನೆ ಪ್ಯಾಕಿಂಗ್ ಹಾಕಿ.

ಹೆಡ್ ಪ್ಯಾಕಿಂಗ್ ತಾಮ್ರದ್ದಾಗಿದ್ದರೆ ಬಿಸಾಡಬೇಡಿ. ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಕಪ್ಪು ಪದರ ಉಜ್ಜಿ ತೆಗೆದು ವಾಪಸ್ ಹಾಕಿ. ಬೇರೆ ತರಹದ್ದಾದರೆ ಹೊಸದೇ ಬೇಕು. ಸಿಲಿಕಾನ್ ಪೇಸ್ಟ್ ಹಚ್ಚಿ ಅಂತ ಯಾರೋ ಹೇಳಿದ್ದಾರೆ ಅಂದಿದ್ದೀರಿ. ಅಲ್ಲಿ ಅದು ಸುಟ್ಟು ಹೋಗುತ್ತದೆ. ಎಂ-ಸೀಲ್ ಅಂದವರಿಗೆ ಸುಮ್ನೆ ಒಂದು ನಮಸ್ಕಾರ ಹಾಕಿ, ಅದು ನಲ್ಲಿ ಪೈಪಿಗೆ.

ಇನ್ನೊಂದು, ಇದನ್ನು ಯಾರೂ ನೋಡುವುದಿಲ್ಲ. ಹೆಡ್ ಉಜ್ಜಿ ಉಜ್ಜಿ ತೆಳ್ಳಗಾದ ಮೇಲೆ ಸ್ಟಡ್ ಮೇಲಕ್ಕೆ ಜಾಸ್ತಿ ಚಾಚಿಕೊಳ್ಳುತ್ತದೆ. ತಲೆ ಮುಚ್ಚಿದ ನಟ್ ಇದ್ದರೆ ಅದು ಹೆಡ್ಡನ್ನು ಒತ್ತುವ ಮೊದಲೇ ಸ್ಟಡ್ ತುದಿಗೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ಅನಿಸುತ್ತದೆ, ಹೆಡ್ ಮಾತ್ರ ಸಡಿಲ. ಕೆಳಗೆ ದಪ್ಪನೆ ಗಟ್ಟಿ ವಾಷರ್ ಹಾಕಿದರೆ ಸರಿಹೋಗುತ್ತದೆ. ನಟ್ ಸುತ್ತುತ್ತಲೇ ಇದ್ದು ಬಿಗಿ ಆಗದಿದ್ದರೆ ಥ್ರೆಡ್ ಹೋಗಿದೆ, ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ.

ಕೂರಿಸುವಾಗ ಥ್ರೆಡ್‌ಗೆ ಒಂದು ಹನಿ ಎಣ್ಣೆ, ಮೂಲೆಯಿಂದ ಮೂಲೆಗೆ, ಮೂರು ಹಂತದಲ್ಲಿ. ಎಷ್ಟು ಬಿಗಿ ಅನ್ನುವುದಕ್ಕೆ ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ, ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಎರವಲು ತನ್ನಿ. ಇಂಜಿನ್ ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿ ಮಾಡಿ, ರಾತ್ರಿ ಪೂರ್ತಿ ಆರಲು ಬಿಟ್ಟು, ಬೆಳಗ್ಗೆ ತಣ್ಣಗಿರುವಾಗ ಅದೇ ಲೆಕ್ಕಕ್ಕೆ ಇನ್ನೊಮ್ಮೆ ನೋಡಿ. ಬಿಸಿಯಲ್ಲಿ ನಟ್ ಮುಟ್ಟಬೇಡಿ.

ಹೆಡ್ ಯಾಕೆ ಅಷ್ಟು ಕಾಯಿತು ಅಂತಲೂ ಹುಡುಕಿ. ತೋಟದ ಕೆಂಪು ಮಣ್ಣು ಫಿನ್‌ಗಳ ಮಧ್ಯೆ ಗಟ್ಟಿಯಾಗಿ ಕೂತಿದ್ದರೆ ಗಾಳಿ ಎಲ್ಲಿಂದ ಆಡಬೇಕು? ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೆಸಿ, ಪಾಯಿಂಟ್ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ನೋಡಿಸಿ. ಪ್ಲಗ್ ಬೆಳ್ಳಗೆ ಸುಟ್ಟಂತಿದ್ದರೆ ಕಾರ್ಬ್ಯುರೇಟರ್ ಬುಡದಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ.

ಬಿಚ್ಚಿದ ದಿನ, ಒರೆಸುವ ಮೊದಲೇ, ಹೆಡ್ ಮುಖದ್ದೂ ಪ್ಲಗ್‌ನದ್ದೂ ಫೋಟೋ ಇಲ್ಲಿ ಹಾಕಿ. ಲೇತ್‌ಗೆ ಹೋಗಬೇಕೋ ಗಾಜಿನ ಮೇಲೆ ಮುಗಿಯುತ್ತದೋ ನೋಡಿ ಹೇಳುತ್ತೇನೆ.