ಎರಡನೇ ಮದುವೆಯ ಮಕ್ಕಳಿಗೆ ಪಾಲು ಇಲ್ವಾ?

ಪ್ರಶ್ನೆ: ಮೇಡಂ, ಹೋದ ವರ್ಷ ಅಪ್ಪ ತೀರಿಕೊಂಡರು. ಉಯಿಲು ಬರೆದಿಲ್ಲ. ಮೊದಲ ಹೆಂಡತಿ, ಅಂದರೆ ದೊಡ್ಡಮ್ಮ ಇರುವಾಗಲೇ ಅಪ್ಪ ನಮ್ಮ ಅವ್ವನನ್ನು ಗುಡಿಯಲ್ಲಿ ಮದುವೆಯಾಗಿದ್ದರು. ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು. ಅವ್ವನಿಗೆ ನಾನು, ನನ್ನ ತಮ್ಮ. ಹಿರಿಯರಿಂದ ಬಂದ 6 ಎಕರೆ ಹೊಲ ಇದೆ, ಅಪ್ಪ ದುಡಿದು ಕೊಂಡ ಸೈಟು ಒಂದಿದೆ. ಅಣ್ಣಂದಿರು ಫವತಿ ಖಾತೆಗೆ, ಅಂದರೆ ತೀರಿಕೊಂಡ ಅಪ್ಪನ ಹೆಸರಿನ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟಿದ್ದಾರೆ. ವಂಶವೃಕ್ಷದಲ್ಲಿ ನಮ್ಮ ಹೆಸರೇ ಇಲ್ಲ. ‘ನಿಮ್ಮವ್ವ ಇಟ್ಟುಕೊಂಡಾಕಿ, ನಿಮಗೆಲ್ಲಿಯ ಪಾಲು’ ಅನ್ನುತ್ತಾರೆ. ನಮಗೆ ಏನೂ ಇಲ್ಲವೇ?
– ಹೆಸರು ಬೇಡ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಇದೆ ತಂಗಿ. ನಿನಗೂ ಇದೆ, ನಿನ್ನ ತಮ್ಮನಿಗೂ ಇದೆ. ಆ ಮಾತು ಕೇಳಿ ಸುಮ್ನೆ ಕೂರಬೇಡ.

ಮೊದಲ ಹೆಂಡತಿ ಇರುವಾಗ ಆದ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಊರ್ಜಿತವಲ್ಲ, ನಿಜ. ಆದರೆ ಅದೇ ಕಾಯ್ದೆಯ 16ನೇ ಕಲಂ, ಅಂಥ ಮದುವೆಯ ಮಕ್ಕಳು ಸಕ್ರಮ ಮಕ್ಕಳೇ ಎನ್ನುತ್ತದೆ. ಹುಟ್ಟಿದ ಮಕ್ಕಳದ್ದೇನು ತಪ್ಪು, ಅಲ್ವಾ? ಮಿತಿ ಒಂದೇ: ತಂದೆ ತಾಯಿಯ ಆಸ್ತಿಯನ್ನು ಮಾತ್ರ ಕೇಳಬಹುದು. ದೊಡ್ಡಪ್ಪ, ಚಿಕ್ಕಪ್ಪಂದಿರ ಪಾಲು ಕೇಳುವಂತಿಲ್ಲ.

ಹಿರಿಯರ ಹೊಲದಲ್ಲಿ ‘ತಂದೆಯ ಆಸ್ತಿ’ ಯಾವುದು? ಜಗಳ ಇದ್ದದ್ದು ಇಲ್ಲೇ. ಇಂಥ ಮಕ್ಕಳಿಗೆ ತಂದೆಯ ಸ್ವಯಾರ್ಜಿತ, ಅಂದರೆ ತಾನೇ ದುಡಿದು ಗಳಿಸಿದ ಆಸ್ತಿ ಬಿಟ್ಟು ಬೇರೇನೂ ಇಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ. ಕೊನೆಗೆ 2023ರ ಸೆಪ್ಟೆಂಬರ್ 1ರಂದು ಮೂವರ ಪೀಠ ಇತ್ಯರ್ಥ ಮಾಡಿತು. ತಂದೆ ಸಾಯುವ ಮುಂಚೆ ಪಾಲಾಗಿದ್ದರೆ ಅವರಿಗೆ ಎಷ್ಟು ಬರುತ್ತಿತ್ತೋ, ಅಷ್ಟರಲ್ಲಿ ಈ ಮಕ್ಕಳಿಗೂ ಭಾಗ ಇದೆ.

ನಿಮ್ಮ ಹೊಲಕ್ಕೆ ಲೆಕ್ಕ ಹಾಕೋಣ. ಮೊದಲ ಪಾಲು ಅಪ್ಪ, ದೊಡ್ಡಮ್ಮ, ಇಬ್ಬರು ಅಣ್ಣಂದಿರ ನಡುವೆ. ತಲಾ ಒಂದೂವರೆ ಎಕರೆ. ಇದರಲ್ಲಿ ನಿಮಗೆ ಜಾಗವಿಲ್ಲ. ಆಮೇಲೆ ಅಪ್ಪನ ಒಂದೂವರೆ ಎಕರೆ, ಅಂದರೆ 60 ಗುಂಟೆ, ಐದು ಜನಕ್ಕೆ ಸಮ: ದೊಡ್ಡಮ್ಮ, ಅಣ್ಣಂದಿರು, ನೀನು, ತಮ್ಮ. ಅಪ್ಪನ ತಾಯಿ ಬದುಕಿದ್ದರೆ ಅವರೂ ಸೇರುತ್ತಾರೆ. ಇಲ್ಲದಿದ್ದರೆ ನಿಮಗೆ ತಲಾ 12 ಗುಂಟೆ. ಸೈಟಿನಲ್ಲೂ ಐದರಲ್ಲೊಂದು ಭಾಗ. 12 ಗುಂಟೆ ಕಡಿಮೆ ಅನ್ನಿಸಬಹುದು. ಆದರೆ ಅದು ಅಪ್ಪನ ಮಗಳಾಗಿ ನಿನಗೆ ಬರುವ ಹಕ್ಕು, ಯಾರ ದಾನವೂ ಅಲ್ಲ.

ಅವ್ವನ ವಿಷಯ ಹೇಳಲು ನನಗೇ ಸಂಕಟ. ಇಷ್ಟು ವರ್ಷ ಸಂಸಾರ ಮಾಡಿದರೂ ಕಾನೂನು ಆಕೆಯನ್ನು ವಿಧವೆ ಎಂದು ಎಣಿಸುವುದಿಲ್ಲ, ಪಾಲು ಕೊಡುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ನಂಬಿಕೆ. ಅಪ್ಪ ಸೈಟನ್ನಾದರೂ ಉಯಿಲಿನಲ್ಲಿ ಅವರಿಗೆ ಬರೆದಿಡಬಹುದಿತ್ತು. ಇನ್ನು ಅವ್ವನನ್ನು ನೋಡಿಕೊಳ್ಳುವ ಹೊಣೆ ನಿಮ್ಮಿಬ್ಬರದ್ದೇ.

ಈಗ ತುರ್ತಾಗಿ ಆಗಬೇಕಾದ್ದು: ಖಾತೆ ಬದಲಾವಣೆಯ ನೋಟಿಸಿನ ಗಡುವು ಮುಗಿಯುವ ಮುಂಚೆ ತಹಶೀಲ್ದಾರ್ ಕಚೇರಿಗೆ ಲಿಖಿತ ತಕರಾರು ಕೊಡು, ಸ್ವೀಕೃತಿ ತೆಗೆದುಕೋ. ತಡವಾಗಿದ್ದರೂ ಎದೆಗುಂದಬೇಡ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅವರೇ ಮಾಲೀಕರಾಗುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ಪಾಲು ವಿಭಾಗದ ದಾವೆ ಹಾಕಿ, ಹೊಲ ಮಾರದಂತೆ ತಡೆಯಾಜ್ಞೆ ಕೇಳಬಹುದು. ಅಲ್ಲಿ ಅವರು ‘ಮದುವೆಯೇ ಆಗಿಲ್ಲ’ ಎನ್ನುತ್ತಾರೆ, ಖಂಡಿತ. 16ನೇ ಕಲಂ ನಿಂತಿರುವುದೇ ಮದುವೆಯ ಮೇಲೆ. ಹಾಗಾಗಿ ಮದುವೆಯ ಫೋಟೊ, ಅಪ್ಪನ ಹೆಸರಿರುವ ಶಾಲಾ ದಾಖಲೆ, ರೇಷನ್ ಕಾರ್ಡ್, ಹಳೆಯ ಮತದಾರರ ಪಟ್ಟಿ, ಎಲ್ಲವನ್ನೂ ಒಟ್ಟು ಮಾಡು. ಮದುವೆ ನೋಡಿದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಈಗಲೇ ಮಾತಾಡಿಸಿಡು.

ಹತ್ತು ಸಾವಿರ ಕೈಗಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡ. ತಮ್ಮನಿಗೂ ಹೇಳು. ವಕೀಲರ ಫೀಜಿನ ಚಿಂತೆ ಇದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡು. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.