ಶನಿವಾರ ರಜೆ ಕೊಡಿ, ಆದರೆ ನಿಮಿಷದ ಲೆಕ್ಕ ಬಿಡಿ

ಶಾಲೆಗೆ ಶನಿವಾರ ರಜೆ ಕೊಟ್ಟರೆ ಉಳಿದ 5 ದಿನ ಎಷ್ಟೆಷ್ಟು ನಿಮಿಷ ಜಾಸ್ತಿ ಮಾಡಬೇಕು ಅಂತ ಕೇಳಿದ್ದೀರಿ. ಒಂದು ನಿಮಿಷವೂ ಬೇಡ. ನಾನು ಮಾಡಿ ಕೆಟ್ಟಿದ್ದೇನೆ.

ತುಮಕೂರು ಕಡೆ ಒಂದು ಸಣ್ಣ ಖಾಸಗಿ ಶಾಲೆ, 1ರಿಂದ 8ನೇ ಕ್ಲಾಸು. ಟೈಮ್‌ಟೇಬಲ್ ನನ್ನ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 5ರವರೆಗೆ ವರ್ಷಕ್ಕೆ 800 ಗಂಟೆ, 6ರಿಂದ 8ಕ್ಕೆ 1000 ಗಂಟೆ ಪಾಠ ಆಗಬೇಕು ಅಂತಿದೆ. ಅದನ್ನು ನೋಡಿ ಹೆದರಿ ದಿನಕ್ಕೆ 45 ನಿಮಿಷ ಸೇರಿಸಿಬಿಟ್ಟೆ. ಜುಲೈ ಹೊತ್ತಿಗೆ ಕೊನೇ ಪೀರಿಯಡ್‌ಗೆ ಹೋದರೆ ಎರಡನೇ ಕ್ಲಾಸಿನ ಹುಡುಗಿ ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ, ಪೆನ್ಸಿಲ್ ಇನ್ನೂ ಬೆರಳ ಮಧ್ಯೆಯೇ ಇತ್ತು.

ಆದರೆ ನನಗೆ ಪೆಟ್ಟು ಕೊಟ್ಟ ತಪ್ಪು ಅದಲ್ಲ. ಕಾಯ್ದೆಯ ಅದೇ ಪಟ್ಟಿಯಲ್ಲಿ, ಗಂಟೆಗಿಂತ ಮೇಲೆಯೇ, ದಿನಗಳ ಲೆಕ್ಕವೂ ಇದೆ: 5ರವರೆಗೆ 200 ದಿನ, 6ರಿಂದ 8ಕ್ಕೆ 220. ನಾನು ಗಂಟೆ ನೋಡಿದೆ, ದಿನ ನೋಡಲಿಲ್ಲ. ನಮ್ಮಲ್ಲಿ 40 ನಿಮಿಷದ 8 ಪೀರಿಯಡ್, ಅಂದರೆ ದಿನಕ್ಕೆ 5 ಗಂಟೆ 20 ನಿಮಿಷ. 200 ದಿನ ನಡೆದರೂ 1066 ಗಂಟೆ ಆಗುತ್ತೆ, ಗಂಟೆ ಯಾವತ್ತೂ ಕಮ್ಮಿ ಬೀಳುತ್ತಿರಲಿಲ್ಲ! ಕಮ್ಮಿ ಬಿದ್ದದ್ದು ದಿನ. ಬೇಸಿಗೆ, ದಸರಾ, ಹಬ್ಬ ಎಲ್ಲ ಕಳೆದು ವಾರಕ್ಕೆ ಐದೇ ದಿನ ಅಂತ ಎಣಿಸಿದರೆ ಸುಮಾರು 200ಕ್ಕೇ ನಿಂತುಬಿಡುತ್ತೆ. ದೊಡ್ಡ ಮಕ್ಕಳಿಗೆ 20 ದಿನ ಖೋತಾ. ಅದು ನನಗೆ ಗೊತ್ತಾಗಿದ್ದು ಜನವರಿಯಲ್ಲಿ.

ಆಮೇಲೆ ಪ್ರತಿ ಶನಿವಾರ, ಕೆಲವು ಭಾನುವಾರ ಕೂಡ ಕ್ಲಾಸು. ಕೊಟ್ಟ ರಜೆ ಕಿತ್ತುಕೊಂಡರೆ ಯಾರು ಸುಮ್ಮನಿರುತ್ತಾರೆ? ಗಣಿತದ ಮೇಡಂ ಶನಿವಾರ ಊರಿಗೆ ಹೋಗಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅದು ತಪ್ಪಿಹೋಯಿತು. ಮಾರ್ಚ್‌ನಲ್ಲಿ ಕೆಲಸ ಬಿಟ್ಟರು. ಆರು ವರ್ಷ ನಮ್ಮ ಜೊತೆ ಇದ್ದವರು, ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತೆ.

ಹಾಗಾಗಿ 5ರವರೆಗೆ ಶನಿವಾರ ಧೈರ್ಯವಾಗಿ ಬಿಡಿ. 6ರಿಂದ 8ಕ್ಕೆ ತಿಂಗಳಿಗೆ ಎರಡು ಶನಿವಾರ ಬೆಳಗಿನ ಶಾಲೆ ಇಡಿ, ಹತ್ತು ತಿಂಗಳಿಗೆ ಆ 20 ದಿನ ಸರಿಹೋಗುತ್ತೆ. ಆ ಶನಿವಾರ ಯಾವ ಟೀಚರ್ ಬರಬೇಕು ಅನ್ನೋದನ್ನು ಜೂನ್‌ನಲ್ಲೇ ಅವರನ್ನೇ ಕೇಳಿ ಬರೆದಿಡಿ. ರಜೆ ಇರುವ ಶನಿವಾರ ಮೀಟಿಂಗ್ ಅಂತ ದಯವಿಟ್ಟು ಕರೆಯಬೇಡಿ. ಟೀಚರ್‌ಗೆ ಕಾಯ್ದೆ ಹೇಳುವ ವಾರಕ್ಕೆ 45 ಗಂಟೆ ಕೆಲಸದಲ್ಲಿ ಪಾಠದ ತಯಾರಿಯೂ ಸೇರಿದೆ, ಅವರು ಅದನ್ನು ಮನೆಯಲ್ಲಿ ಹೇಗೂ ಮಾಡುತ್ತಿರುತ್ತಾರೆ. ಪೋಷಕರಿಗೆ ನೋಟಿಸ್ ಹೋಗುವ ಮೊದಲು ಒಂದು ಗೋಡೆ ಕ್ಯಾಲೆಂಡರ್ ತೆಗೆದು, ರಜೆಗೆಲ್ಲ ಗೆರೆ ಹಾಕಿ, ಉಳಿದ ದಿನಗಳನ್ನು ಬೆರಳಿಟ್ಟು ಎಣಿಸಿ. ಇಬ್ಬರು ಬೇರೆ ಬೇರೆ ಎಣಿಸಿ.